ಫ್ರೆಂಚ್ ಬಾಗಿಲು: ಊಟಿಗೊಂದು, ಗೂಡಲೂರಿಗೊಂದು, ಮಸಿನಗುಡಿಗೊಂದು

ನೀಲಗಿರಿ ಜಿಲ್ಲೆಯಲ್ಲಿ ಹೊಸ ಮನೆ ಕಟ್ಟುವವರು, ಹಳೆ ಮನೆಗೆ ಕೋಣೆ ಸೇರಿಸುವವರು, ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುವವರು ಈಗ ಕೇಳುವ ಸಾಮಾನುಗಳಲ್ಲಿ ಫ್ರೆಂಚ್ ಬಾಗಿಲೂ ಒಂದು. ಬೆಟ್ಟ ಕಾಣಬೇಕು, ಬೆಳಕು ಬರಬೇಕು ಎಂಬ ಆಸೆ ಸಹಜ. ಆದರೆ ಕೊಯಮತ್ತೂರಿನ ಅಥವಾ ಮೈಸೂರಿನ ಅಂಗಡಿಯಲ್ಲಿ ಚಂದ ಕಂಡ ಬಾಗಿಲು ಊಟಿಯ ಚಳಿಯಲ್ಲಿ ಬೆವರಬಹುದು, ಗೂಡಲೂರಿನ ಮಳೆಯಲ್ಲಿ ಉಬ್ಬಬಹುದು, ಮಸಿನಗುಡಿಯ ಬಿಸಿಲಿನಲ್ಲಿ ಕೋಣೆಯನ್ನು ಒಲೆ ಮಾಡಬಹುದು. ಬಾಗಿಲು ಆರಿಸುವ ಮುನ್ನ ತಮ್ಮ ಊರಿನ ಹವೆಯನ್ನೂ ಬಾಗಿಲು ನೋಡುವ ದಿಕ್ಕನ್ನೂ ಲೆಕ್ಕ ಹಾಕಿಕೊಂಡರೆ ಹಣವೂ ಉಳಿಯುತ್ತದೆ, ಕೆಲವು ಅಪಾಯಗಳೂ ತಪ್ಪುತ್ತವೆ.

ಏನಿದು ಫ್ರೆಂಚ್ ಬಾಗಿಲು?

ಹೆಚ್ಚು ಭಾಗ ಗಾಜೇ ಇರುವ, ಎರಡು ಕದಗಳು ನಡುವೆ ಸೇರುವ ಜೋಡಿ ಬಾಗಿಲಿಗೆ ಈ ಹೆಸರು. ನೆಲದವರೆಗೂ ಇಳಿದ ಕಿಟಕಿ ಎಂದರೂ ಸರಿಯೇ. ಎರಡೂ ಕದಗಳು ಕೀಲಿನ ಮೇಲೆ ತಿರುಗುತ್ತವೆ. ಪಕ್ಕಕ್ಕೆ ಜಾರುವ ಬಾಗಿಲು ಬೇರೆ ಜಾತಿ. ಸಾಮಾನ್ಯ ಅಳತೆ 5 ಅಡಿ ಅಗಲ, 7 ಅಡಿ ಎತ್ತರ. ಇದರ ದುರ್ಬಲ ಜಾಗಗಳು ಮೂರು: ಗಾಜು, ಎರಡು ಕದ ಸೇರುವ ನಡುಗೆರೆ, ಮತ್ತು ಹೊಸ್ತಿಲು. ಚಳಿ, ನೀರು, ಧೂಳು ಮೂರೂ ಈ ಮೂರು ದಾರಿಯಲ್ಲೇ ಒಳಗೆ ಬರುತ್ತವೆ.

ಒಂದೇ ಜಿಲ್ಲೆ, ಮೂರು ಹವೆ

ಉದಕಮಂಡಲ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ತಲೈಕುಂದಾ, ಕುದುರೆ ಪಂದ್ಯದ ಮೈದಾನದಂಥ ತಗ್ಗು ಜಾಗಗಳಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ. ತಮಿಳಿನಲ್ಲಿ ‘ಉರೈಪನಿ’ ಎನ್ನುವುದು ಇದನ್ನೇ. ರಾತ್ರಿ ಉಷ್ಣಾಂಶ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಇಳಿಯುವುದೂ ಉಂಟು.

ಗೂಡಲೂರು, ಮಸಿನಗುಡಿ ಎರಡೂ ಸುಮಾರು 1,000 ಮೀಟರ್ ಎತ್ತರದ ಆಸುಪಾಸಿನಲ್ಲಿವೆ. ಎತ್ತರ ಒಂದೇ ಆದರೂ ಹವೆ ಒಂದೇ ಅಲ್ಲ. ಗೂಡಲೂರು, ದೇವಾಲ, ಪಂದಲೂರು ಕಡೆ ನೈಋತ್ಯ ಮುಂಗಾರು ನೇರವಾಗಿ ಬಂದು ಬಡಿಯುತ್ತದೆ; ದೇವಾಲ ತಮಿಳುನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಮಸಿನಗುಡಿ, ಸೀಗೂರು ಬಯಲು ಬೆಟ್ಟದ ಮರೆಯಲ್ಲಿರುವುದರಿಂದ ಅದೇ ಮುಂಗಾರಿನ ಅಲ್ಪ ಪಾಲು ಮಾತ್ರ ಅಲ್ಲಿಗೆ ಸಿಗುತ್ತದೆ. ಅಲ್ಲಿ ಮುಳ್ಳುಕಾಡು, ಬೇಸಿಗೆಯ ಬಿಸಿಲು, ಧೂಳು. ಕುನ್ನೂರು, ಕೋಟಗಿರಿಗೆ ಮುಖ್ಯ ಮಳೆ ತರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಹಿಂಗಾರು.

ಈ ಬೆಟ್ಟದ ಹಳೆಯ ಜನ ಬಾಗಿಲಿನ ವಿಷಯದಲ್ಲಿ ಬಹಳ ಎಚ್ಚರದಿಂದ ಇದ್ದರು. ತೋಡರ ಸಾಂಪ್ರದಾಯಿಕ ಗುಡಿಸಲಿನ ಬಾಗಿಲು ಸುಮಾರು ಮೂರು ಅಡಿ ಮಾತ್ರ. ತೆವಳಿಕೊಂಡೇ ಒಳಗೆ ಹೋಗಬೇಕು. ಚಳಿಗೂ ಕಾಡುಪ್ರಾಣಿಗೂ ಅದೇ ಉತ್ತರವಾಗಿತ್ತು. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1822ರಲ್ಲಿ ಊಟಿಯಲ್ಲಿ ಕಟ್ಟಲು ತೊಡಗಿದ ‘ಸ್ಟೋನ್ ಹೌಸ್’, ಅಂದರೆ ಸ್ಥಳೀಯರ ಬಾಯಲ್ಲಿ ಕಲ್ ಬಂಗಲೆ, ಇಲ್ಲಿ ಬಂಗಲೆಗಳ ಕಾಲವನ್ನು ಶುರು ಮಾಡಿತು. ದೊಡ್ಡ ಗಾಜಿನ ಕಿಟಕಿಗಳು ಬಂದದ್ದು ಆ ಕಾಲದಲ್ಲೇ. ಆದರೆ ಆ ಬಂಗಲೆಗಳಲ್ಲಿ ಗಾಜಿನ ಜೊತೆಗೆ ಹೊಗೆಕೊಳವೆಯಿದ್ದ ಬೆಂಕಿಗೂಡು, ದಪ್ಪ ಗೋಡೆ, ದಪ್ಪ ಪರದೆ ಕೂಡ ಇದ್ದವು. ಈಗ ಗಾಜು ಮಾತ್ರ ಉಳಿದು ಉಳಿದದ್ದೆಲ್ಲ ಬಿಟ್ಟುಹೋಗಿದೆ. ತೊಂದರೆ ಶುರುವಾಗುವುದು ಅಲ್ಲಿಂದ.

ಮೊದಲು ದಿಕ್ಕು, ಆಮೇಲೆ ಬಾಗಿಲು

ನೀಲಗಿರಿ ಭೂಮಧ್ಯ ರೇಖೆಯಿಂದ ಉತ್ತರಕ್ಕೆ ಸುಮಾರು 11 ಡಿಗ್ರಿಯಲ್ಲಿದೆ. ಡಿಸೆಂಬರ್ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ಸುಮಾರು 55 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಜೂನ್‌ನಲ್ಲಿ ನೆತ್ತಿಯನ್ನು ದಾಟಿ ಸ್ವಲ್ಪ ಉತ್ತರಕ್ಕೆ ಹೋಗುತ್ತಾನೆ. ಆದ್ದರಿಂದ ದಕ್ಷಿಣಕ್ಕೆ ಇಟ್ಟ ಬಾಗಿಲಿಗೆ ಎರಡು ಅಡಿ ಸಜ್ಜಾ ಇದ್ದರೂ ಚಳಿಗಾಲದ ಬಿಸಿಲು ಬಾಗಿಲಿನ ಕೆಳಭಾಗದಿಂದ ಒಳಗೆ ಬರುತ್ತದೆ. ಬೇಸಿಗೆಯ ಮಧ್ಯಾಹ್ನದ ಬಿಸಿಲು ಬರುವುದಿಲ್ಲ.

ಊಟಿಯಲ್ಲಿ ದಕ್ಷಿಣ ಅಥವಾ ಆಗ್ನೇಯ ಒಳ್ಳೆಯದು. ಬೆಳಗಿನ ಬಿಸಿಲು ರಾತ್ರಿಯ ಚಳಿಯನ್ನು ಬೇಗ ಕಳೆಯುತ್ತದೆ, ಮುಂಗಾರು ಗಾಳಿಯೂ ನೇರ ಬಡಿಯುವುದಿಲ್ಲ. ಗೂಡಲೂರಿನಲ್ಲಿ ಪಶ್ಚಿಮ ಮತ್ತು ನೈಋತ್ಯದ ಗೋಡೆಗೆ ಫ್ರೆಂಚ್ ಬಾಗಿಲು ಬೇಡ, ಪೂರ್ವ ಸರಿ. ಕುನ್ನೂರು, ಕೋಟಗಿರಿಯಲ್ಲಿ ಈಶಾನ್ಯವನ್ನು ತಪ್ಪಿಸಬೇಕು. ಮಸಿನಗುಡಿಯಲ್ಲಿ ಪಶ್ಚಿಮದ ಸಂಜೆ ಬಿಸಿಲೇ ದೊಡ್ಡ ಶತ್ರು. ಉತ್ತರ ಅಥವಾ ಜಗುಲಿಯ ನೆರಳಿರುವ ಪೂರ್ವ ಲೇಸು. ತಮ್ಮ ಕಣಿವೆಯಲ್ಲಿ ಗಾಳಿ ತಿರುಗಿ ಬರುವುದುಂಟು. ಯಾವ ಗೋಡೆ ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ ಎಂದು ನೋಡಿದರೆ ಮಳೆ ಯಾವ ಕಡೆಯಿಂದ ಹೊಡೆಯುತ್ತದೆ ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ.

ಊಟಿ: ಗಾಜಿನ ಲೆಕ್ಕ

ಒಂದೇ ಪದರದ ಗಾಜು ಶಾಖವನ್ನು ಹಿಡಿದಿಡುವುದಿಲ್ಲ. ಒಳಗೆ 18 ಡಿಗ್ರಿ, ಹೊರಗೆ 3 ಡಿಗ್ರಿ ಇರುವ ರಾತ್ರಿ 5 ಅಡಿಗೆ 7 ಅಡಿ ಬಾಗಿಲು ಪೂರ್ತಿ ಒಂಟಿ ಗಾಜು ಎಂದು ಲೆಕ್ಕ ಹಿಡಿದರೆ ಸುಮಾರು 280 ವಾಟ್ ಶಾಖ ಹೊರಗೆ ಹೋಗುತ್ತಲೇ ಇರುತ್ತದೆ. ಹತ್ತು ಗಂಟೆಗೆ ಇದು 2.8 ಯೂನಿಟ್ ವಿದ್ಯುತ್ತಿಗೆ ಸಮ. ನಡುವೆ 12 ಮಿ.ಮೀ. ಗಾಳಿಯ ಅಂತರವಿರುವ ಜೋಡಿ ಗಾಜಿನಲ್ಲಿ ಈ ನಷ್ಟ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂಟಿ ಗಾಜೇ ಇದ್ದರೂ ನೆಲ ಮುಟ್ಟುವ ದಪ್ಪ ಪರದೆಯನ್ನು ಸಂಜೆಯೇ ಎಳೆದರೆ ಸಾಕಷ್ಟು ಉಪಯೋಗವಿದೆ.

ಜೋಡಿ ಗಾಜು ಕೊಳ್ಳುವಾಗ ಬೆಟ್ಟದವರು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಇದನ್ನು ಮುಚ್ಚಿ ಮೊಹರು ಮಾಡಿದ್ದು ಯಾವ ಎತ್ತರದಲ್ಲಿ? ಕೊಯಮತ್ತೂರು ಸುಮಾರು 400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಎರಡು ಗಾಜುಗಳ ನಡುವೆ ಸೇರಿಕೊಂಡ ಗಾಳಿ ಊಟಿಗೆ ಬಂದಾಗ ಹೊರಗಿನ ವಾಯುಭಾರ ಸುಮಾರು ಐದನೇ ಒಂದು ಭಾಗ ಕಡಿಮೆಯಾಗಿರುತ್ತದೆ. ಒಳಗಿನ ಗಾಳಿ ಹಿಗ್ಗಿ ಗಾಜು ಹೊರಕ್ಕೆ ಉಬ್ಬುತ್ತದೆ. ಅಂಚಿನ ಅಂಟು ಬಿಡಬಹುದು, ಗಾಜು ಬಿರುಕು ಬಿಡಲೂಬಹುದು. ಅಂಟು ಬಿಟ್ಟರೆ ಒಳಗೆ ತೇವ ಸೇರಿ ಗಾಜು ಶಾಶ್ವತವಾಗಿ ಮಂಜಾಗುತ್ತದೆ. ಒರೆಸಿದರೆ ಹೋಗುವುದಿಲ್ಲ, ಏಕೆಂದರೆ ಮಂಜು ಇರುವುದು ಎರಡು ಗಾಜುಗಳ ನಡುವೆ. ಇದಕ್ಕಾಗಿ ತಯಾರಕರು ಒತ್ತಡ ಸಮ ಮಾಡುವ ಸಣ್ಣ ಕೊಳವೆಯನ್ನು ಇಡುವ ಪದ್ಧತಿ ಇದೆ. ಆರ್ಡರ್ ಚೀಟಿಯಲ್ಲಿ ಮನೆಯ ಎತ್ತರವನ್ನು ಬರೆಸುವುದು, ಬಾಳಿಕೆಯ ಖಾತರಿ ಆ ಎತ್ತರಕ್ಕೂ ಉಂಟೇ ಎಂದು ಕೇಳುವುದು ಜಾಣತನ. ಇದಾವುದೂ ಬೇಡ ಎನ್ನುವವರಿಗೆ ಹಳೆಯ ಉಪಾಯವಿದೆ. ಹೊರಗೊಂದು, ಒಳಗೊಂದು, ಹೀಗೆ ಎರಡು ಪ್ರತ್ಯೇಕ ಒಂಟಿ ಗಾಜಿನ ಜೋಡಿ ಕದಗಳನ್ನು ನಾಲ್ಕಾರು ಅಂಗುಲ ಅಂತರದಲ್ಲಿ ಕೂರಿಸಿದರೆ ಒತ್ತಡದ ತೊಂದರೆಯೇ ಇಲ್ಲ.

ಎರಡನೆಯ ತೊಂದರೆ ಬೆವರು. ಮಲಗುವ ಕೋಣೆಯ ಉಸಿರಿನ ತೇವ ತಣ್ಣನೆಯ ಗಾಜಿಗೆ ತಾಗಿ ಹನಿಯಾಗಿ ಕೆಳಗಿನ ಅಡ್ಡಪಟ್ಟಿಗೆ ಇಳಿಯುತ್ತದೆ. ಮರದ ಬಾಗಿಲು ಕೊಳೆಯುವುದು ಅಲ್ಲಿಂದಲೇ. ಅಡ್ಡಪಟ್ಟಿಗೆ ಒಳಗಡೆ ಇಳಿಜಾರು ಇರಬೇಕು, ಪ್ರತಿ ಬೆಳಿಗ್ಗೆ ಒರೆಸಬೇಕು. ಅಲ್ಯೂಮಿನಿಯಂ ಚೌಕಟ್ಟು ಚಳಿಯನ್ನು ನೇರ ಒಳಗೆ ತರುತ್ತದೆ, ಆದ್ದರಿಂದ ಗಾಜಿನಂತೆ ಅದೂ ಬೆವರುತ್ತದೆ. ಊಟಿಗೆ ಮರ ಅಥವಾ ಒಳಗೆ ಉಕ್ಕಿನ ಪಟ್ಟಿ ಇರುವ ಯುಪಿವಿಸಿ ಮೇಲು. ಎತ್ತರದಲ್ಲಿ ನೇರಳಾತೀತ ಕಿರಣ ಹೆಚ್ಚು. ಗಾಢ ಬಣ್ಣದ ಯುಪಿವಿಸಿಗಿಂತ ಬಿಳಿಯದು ಬಾಳಿಕೆ ಬರುತ್ತದೆ.

ಇದ್ದಿಲಿನ ಕೆಂಡ: ಜೀವದ ಪ್ರಶ್ನೆ

ಬಾಗಿಲು ಬಿಗಿಯಾದಷ್ಟೂ ಚಳಿ ಕಡಿಮೆ, ನಿಜ. ಆದರೆ ಗಾಳಿಯೂ ಕಡಿಮೆ. ಬೆಟ್ಟದ ಊರುಗಳಲ್ಲಿ ಚಳಿಗೆ ಇದ್ದಿಲಿನ ಕೆಂಡವನ್ನು ಬಾಂಡಲಿಯಲ್ಲಿಟ್ಟು ಕೋಣೆಯೊಳಗೆ ಇಡುವ ರೂಢಿ ಇದೆ. ಹಳೆಯ ಮನೆಯ ಬಾಗಿಲು, ಹೆಂಚಿನ ಸಂದುಗಳಿಂದ ಗಾಳಿ ಆಡುತ್ತಿತ್ತು. ರಬ್ಬರ್ ಪಟ್ಟಿ ಹಾಕಿ ಬಿಗಿದ ಹೊಸ ಕೋಣೆಯಲ್ಲಿ ಅದೇ ಕೆಂಡ ಕೊಲ್ಲುತ್ತದೆ. ಇದ್ದಿಲು ಉರಿಯುವಾಗ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ಮಂಪರು ಬಂದು ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಬಾಗಿಲಿನ ಮೇಲೆ ಮುಚ್ಚಲು ಬಾರದ ಸಣ್ಣ ಗಾಳಿಕಿಂಡಿ ಇಡುವುದು ಒಳ್ಳೆಯದು. ಹಾಗೆಂದು ಕಿಂಡಿ ಇದೆಯಲ್ಲ ಎಂದು ಕೆಂಡ ಇಡುವಂತಿಲ್ಲ. ಮಲಗುವ ಕೋಣೆಗೆ ಕೆಂಡ ಬೇಡವೇ ಬೇಡ. ಹೊಗೆಕೊಳವೆ ಇಲ್ಲದ ಗ್ಯಾಸ್ ಹೀಟರಿಗೂ ಇದೇ ಮಾತು. ಕೋಣೆ ಬಾಡಿಗೆ ಕೊಡುವವರು ಇದನ್ನು ಅತಿಥಿಗಳಿಗೆ ಬಾಯಿಬಿಟ್ಟು ಹೇಳಬೇಕು. ಬಯಲುಸೀಮೆಯಿಂದ ಬಂದವರಿಗೆ ಈ ಅಪಾಯ ಗೊತ್ತಿರುವುದಿಲ್ಲ.

ಗೂಡಲೂರು: ಮರದ ಲೆಕ್ಕ

ಇಲ್ಲಿ ಚಳಿಗಿಂತ ತೇವದ ಕಾಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ. ಮರ ಆ ನೀರನ್ನು ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಮಾರ್ಚ್‌ನಲ್ಲಿ ಸಂದಿಲ್ಲದೆ ಕೂರಿಸಿದ ಕದ ಜುಲೈನಲ್ಲಿ ಕಚ್ಚಿಕೊಳ್ಳುತ್ತದೆ. ಆಗ ಆಚಾರಿಯನ್ನು ಕರೆಸಿ ಉಜ್ಜಿಸಿದರೆ ಫೆಬ್ರವರಿಯಲ್ಲಿ ನಡುವೆ ಬೆರಳು ತೂರುವ ಸಂದು! ಆದ್ದರಿಂದ ಕೂರಿಸುವಾಗಲೇ ಸುತ್ತಲೂ ಸುಮಾರು 3 ಮಿ.ಮೀ. ಬಿಟ್ಟು, ಆ ಸಂದನ್ನು ರಬ್ಬರ್ ಪಟ್ಟಿಯಿಂದ ಮುಚ್ಚಬೇಕು. ಮಳೆಗಾಲದಲ್ಲಿ ಉಜ್ಜಿಸುವ ಆತುರ ಬೇಡ.

ಮರ ಯಾವುದು? ತೇಗ ಎಲ್ಲಕ್ಕಿಂತ ಮೇಲು: ಕಡಿಮೆ ಹಿಗ್ಗುತ್ತದೆ, ಗೆದ್ದಲು ಬೇಗ ಮುಟ್ಟುವುದಿಲ್ಲ. ಚೆನ್ನಾಗಿ ಬಲಿತು ಒಣಗಿದ ಹಲಸು ಅದರ ನಂತರದ್ದು. ಮಲೆನಾಡು, ವಯನಾಡು ಕಡೆಯ ಹಳೆ ಮನೆಗಳಲ್ಲಿ ಅದರ ಬಾಳಿಕೆ ಕಾಣಸಿಗುತ್ತದೆ. ಮತ್ತಿ ಗಟ್ಟಿ, ಆದರೆ ಸರಿಯಾಗಿ ಒಣಗದಿದ್ದರೆ ಸೀಳುತ್ತದೆ. ಚಹಾ ತೋಟದ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಅಗ್ಗಕ್ಕೆ ಸಿಗುತ್ತದೆಂದು ಹೊರಬಾಗಿಲಿಗೆ ಹಾಕಿದರೆ ಮಳೆಗೆ ನಿಲ್ಲುವುದಿಲ್ಲ. ನೀಲಗಿರಿ ಮರ ತಿರುಚುತ್ತದೆ. ಮರದಲ್ಲಿ ಎಷ್ಟು ತೇವ ಇರಬಹುದು ಎಂಬುದಕ್ಕೆ ಐ.ಎಸ್. 287, ಗಾಜಿನ ಮರದ ಕದ ಹೇಗಿರಬೇಕು ಎಂಬುದಕ್ಕೆ ಐ.ಎಸ್. 1003 ಎಂಬ ಭಾರತೀಯ ಮಾನಕಗಳಿವೆ.

ಬಣ್ಣ ಬಳಿಯುವಾಗ ಹೆಚ್ಚಿನವರು ಕದದ ಕೆಳ ಅಂಚನ್ನೂ ಮೇಲಂಚನ್ನೂ ಬಿಟ್ಟುಬಿಡುತ್ತಾರೆ, ಕಣ್ಣಿಗೆ ಕಾಣುವುದಿಲ್ಲವಲ್ಲ! ನೀರು ಕುಡಿಯುವುದು ಅಲ್ಲಿಂದಲೇ. ಕದವನ್ನು ಕೂರಿಸುವ ಮೊದಲೇ ಆರೂ ಮುಖಕ್ಕೆ ಬಣ್ಣವಾಗಬೇಕು. ಹೊಸ್ತಿಲು ಹೊರಕ್ಕೆ ಇಳಿಜಾರಾಗಿರಬೇಕು, ಹೊರನೆಲಕ್ಕಿಂತ ಕನಿಷ್ಠ ನಾಲ್ಕು ಅಂಗುಲ ಎತ್ತರದಲ್ಲಿರಬೇಕು. ಹೊರಕ್ಕೆ ತೆರೆಯುವ ಕದವನ್ನು ಮಳೆಗಾಳಿ ಚೌಕಟ್ಟಿಗೆ ಇನ್ನಷ್ಟು ಒತ್ತುತ್ತದೆ, ನೀರು ಕಡಿಮೆ ಬರುತ್ತದೆ. ಆದರೆ ಆಗ ಕೀಲು ಹೊರಗೆ ಬರುವುದರಿಂದ ಕಡ್ಡಿ ಕಿತ್ತು ತೆಗೆಯಲಾಗದ ಕೀಲನ್ನೇ ಹಾಕಿಸಬೇಕು. ಕೀಲು, ಚಿಲಕ, ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆ. ಇಷ್ಟಾದರೂ ಮೇಲೆ ನಾಲ್ಕು ಅಡಿ ಸೂರು ಅಥವಾ ಜಗುಲಿ ಇಲ್ಲದಿದ್ದರೆ ಇಲ್ಲಿ ಫ್ರೆಂಚ್ ಬಾಗಿಲಿನ ಆಸೆ ಬಿಡುವುದೇ ಒಳಿತು. ಮಳೆ ಎಷ್ಟು ಬರಬಹುದು ಎಂಬುದಕ್ಕೆ 2019ರ ಆಗಸ್ಟ್ ನೆನಪಿದ್ದರೆ ಸಾಕು: ಅದೇ ಜಿಲ್ಲೆಯ ಅವಲಾಂಚಿಯಲ್ಲಿ ಒಂದೇ ದಿನ 800 ಮಿ.ಮೀ.ಗೂ ಹೆಚ್ಚು ಸುರಿದಿತ್ತು.

ಮಸಿನಗುಡಿ: ನೆರಳಿನ ಲೆಕ್ಕ

ಇಲ್ಲಿ ಜೋಡಿ ಗಾಜಿಗೆ ಹಣ ಸುರಿಯುವುದಕ್ಕಿಂತ ನೆರಳಿಗೆ ಸುರಿಯುವುದು ಲಾಭ. ನೇರ ಬಿಸಿಲು ಒಮ್ಮೆ ಗಾಜು ದಾಟಿ ಒಳಗೆ ಬಂದರೆ ಒಳಪರದೆಯಿಂದ ಹೆಚ್ಚು ಪ್ರಯೋಜನವಿಲ್ಲ. ಬಿಸಿಲನ್ನು ಹೊರಗೇ ತಡೆಯಬೇಕು. ಅಗಲ ಜಗುಲಿ, ಬಿದಿರಿನ ತಟ್ಟಿ, ಹೊರಗಿನ ಮರದ ಪಟ್ಟಿಬಾಗಿಲು, ಯಾವುದಾದರೂ ಸರಿ. ಎರಡೂ ಕದ ಪೂರ್ತಿ ತೆರೆಯುವಂತಿದ್ದು ಎದುರು ಗೋಡೆಯಲ್ಲಿ ಕಿಟಕಿ ಇದ್ದರೆ ಸಂಜೆಯ ಗಾಳಿ ಕೋಣೆಯನ್ನು ತಂಪು ಮಾಡುತ್ತದೆ. ತೆರೆದಿಡಬೇಕಾದರೆ ಸೊಳ್ಳೆ ಬಲೆಯ ಇನ್ನೊಂದು ಜೊತೆ ಕದ ಬೇಕಾಗುತ್ತದೆ. ಧೂಳಿಗೆ ಹೊಸ್ತಿಲ ಬಳಿ ಬ್ರಷ್ ಪಟ್ಟಿ. ಗೆದ್ದಲು ಹೆಚ್ಚಿರುವ ಮಣ್ಣಿನಲ್ಲಿ ಚೌಕಟ್ಟಿನ ಕಾಲನ್ನು ನೆಲದೊಳಗೆ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಬೇಕು.

ಬಾಗಿಲ ಹೊರಗೆ ಯಾರಿದ್ದಾರೆ?

ಕಾಡಂಚಿನ ಮನೆಗೆ ಹವೆಯಷ್ಟೇ ಮುಖ್ಯ ಪ್ರಶ್ನೆ ಇದು. ಆನೆಯನ್ನು ತಡೆಯುವ ಗಾಜೂ ಇಲ್ಲ, ಮರವೂ ಇಲ್ಲ. 2022ರ ಡಿಸೆಂಬರ್‌ನಲ್ಲಿ ಅರಣ್ಯ ಇಲಾಖೆ ಸೆರೆಹಿಡಿದ ‘ಪಿಎಂ-2’ ಎಂಬ ಮಖ್ನಾ ಆನೆ ಅಕ್ಕಿಗಾಗಿ ಗೂಡಲೂರು, ಪಂದಲೂರು ಕಡೆಯ ಮನೆಗಳನ್ನು ಒಡೆಯುವುದಕ್ಕೇ ಹೆಸರಾಗಿತ್ತು. ಅಕ್ಕಿ, ಉಪ್ಪು, ಬೆಲ್ಲ, ಹಲಸಿನ ಹಣ್ಣು ಫ್ರೆಂಚ್ ಬಾಗಿಲಿರುವ ಕೋಣೆಯಲ್ಲಿ ಇಡಬಾರದು. ಆನೆ ದಾರಿಗೆ ಮುಖ ಮಾಡಿದ ಗೋಡೆಯಲ್ಲಿ, ಮಂಚದ ತಲೆ ಬದಿಯಲ್ಲಿ ಇಂಥ ಬಾಗಿಲು ಬೇಡ. ಕುನ್ನೂರು, ಕೋಟಗಿರಿ ಕಡೆ ಎಣ್ಣೆ, ತಿಂಡಿಯ ವಾಸನೆಗೆ ಕರಡಿ ಬರುತ್ತದೆ. ಕೋತಿಗೆ ಸಾದಾ ಚಿಲಕ ತೆರೆಯುವುದು ಆಟ. ಮೇಲೂ ಕೆಳಗೂ ಒಳಗಿನಿಂದ ಹಾಕುವ ಬೋಲ್ಟ್ ಇರಲಿ.

ಇಂಥ ಕಡೆ ಒಳ್ಳೆಯ ನಡುದಾರಿ ಎಂದರೆ ಅರ್ಧ ಗಾಜಿನ ಜೋಡಿ ಬಾಗಿಲು. ಕೆಳಗಿನ ಮೂರು ಅಡಿ ಗಟ್ಟಿ ಮರ, ಮೇಲೆ ಗಾಜು. ಮಳೆಯ ಎರಚಲು ಗಾಜಿನ ಅಂಚಿಗೆ ತಾಗುವುದಿಲ್ಲ, ಮಕ್ಕಳು ಓಡಿ ಬಂದು ಗುದ್ದಿಕೊಳ್ಳುವುದಿಲ್ಲ, ಕುರ್ಚಿಯಲ್ಲಿ ಕೂತರೆ ಬೆಟ್ಟವೂ ಕಾಣುತ್ತದೆ.

ಪೂರ್ತಿ ಗಾಜೇ ಬೇಕೆಂದರೆ ಸಾದಾ ಗಾಜು ಬೇಡ. ಹದ ಮಾಡಿದ ಗಾಜು ಒಡೆದರೆ ಮೊಂಡಾದ ಸಣ್ಣ ಚೂರಾಗುತ್ತದೆ. ಪದರ ಗಾಜು ಒಡೆದರೂ ನಡುವಿನ ಹಾಳೆಗೆ ಅಂಟಿಕೊಂಡು ನಿಲ್ಲುತ್ತದೆ. ಕಾಡಂಚಿಗೆ ಪದರ ಗಾಜು ಸೂಕ್ತ. ಸುರಕ್ಷಾ ಗಾಜಿಗೆ ಐ.ಎಸ್. 2553 ಗುರುತು ನೋಡಬೇಕು. ಹದ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲಾಗದು. ಆದ್ದರಿಂದ ಕದ ತಯಾರಾದ ಮೇಲೆ ಅಳತೆ ತೆಗೆದು ಆರ್ಡರ್ ಕೊಡಬೇಕು.

ಸಾಗಣೆ, ಪರವಾನಗಿ, ಮಾತು

ಗುಂಡ್ಲುಪೇಟೆ, ಮೈಸೂರಿನಿಂದ ಬಾಗಿಲು ತರಿಸುವವರು ಬಂಡೀಪುರದ ರಾತ್ರಿ ಸಂಚಾರ ನಿಷೇಧವನ್ನು ನೆನಪಿಡಬೇಕು. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸರಕು ಗಾಡಿ ಬಿಡುವುದಿಲ್ಲ. ಮಸಿನಗುಡಿಯಿಂದ ಊಟಿಗೆ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು; ಗಾಜು ಬರಬೇಕಾದದ್ದು ಗೂಡಲೂರು ದಾರಿಯಲ್ಲಿ, ಅದೂ ಮಲಗಿಸದೆ ನಿಲ್ಲಿಸಿ ಕಟ್ಟಿ. ಮರವನ್ನು ಮರವಾಗಿಯೇ ಗಡಿ ದಾಟಿಸುವುದಾದರೆ ಕಕ್ಕನಹಳ್ಳ ಚೆಕ್‌ಪೋಸ್ಟ್‌ಗೆ ಬರುವ ಮೊದಲೇ ಅರಣ್ಯ ಇಲಾಖೆಯ ರಹದಾರಿ ವಿಚಾರಿಸಿಕೊಳ್ಳಬೇಕು.

ಗೋಡೆ ಒಡೆದು ಹೊಸ ಬಾಗಿಲು ಇಡುವ ಮುನ್ನ ಪಂಚಾಯತಿ ಅಥವಾ ಪುರಸಭೆಯಲ್ಲಿ ಕೇಳುವುದು ಕ್ಷೇಮ. ಬೆಟ್ಟ ಪ್ರದೇಶದ ಕಟ್ಟಡಗಳಿಗೆ ಬೇರೆಯೇ ನಿಯಮಗಳಿವೆ. ಸೀಗೂರು ಆನೆ ಕಾರಿಡಾರ್ ಕುರಿತ ಮದ್ರಾಸ್ ಹೈಕೋರ್ಟಿನ 2011ರ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 14ರಂದು ಎತ್ತಿಹಿಡಿದಿರುವುದರಿಂದ ಮಸಿನಗುಡಿ ಸುತ್ತಿನವರು ಇನ್ನಷ್ಟು ಎಚ್ಚರ ವಹಿಸಬೇಕು.

ಕೆಲಸದವರ ಮಾತು ಊರಿಂದೂರಿಗೆ ಬೇರೆ. ಚೌಕಟ್ಟಿಗೆ ತಮಿಳಿನವರು ‘ನಿಲೈ’ ಎಂದರೆ ಗೂಡಲೂರಿನ ಮಲಯಾಳಿ ಆಚಾರಿ ‘ಕಟ್ಟಿಳ’ ಎನ್ನುತ್ತಾನೆ. ಕೀಲು ಅವನಿಗೆ ‘ವಿಜಾಗಿರಿ’. ಹಲಸು ತಮಿಳಿನಲ್ಲಿ ‘ಪಲಾ’, ಮಲಯಾಳದಲ್ಲಿ ‘ಪ್ಲಾವ್’. ಹೆಸರಿನ ಗೊಂದಲದಲ್ಲಿ ಬೇರೆ ಮರ ಬಂದು ಕೂರಬಾರದೆಂದರೆ ಚೀಟಿಯಲ್ಲಿ ಎರಡು ಭಾಷೆಯಲ್ಲೂ ಬರೆಸುವುದು ಒಳ್ಳೆಯದು.

ಆರ್ಡರ್ ಕೊಡುವ ಮುನ್ನ

1. ಬಾಗಿಲು ಯಾವ ದಿಕ್ಕಿಗೆ? ಮಳೆ ಯಾವ ಕಡೆಯಿಂದ?
2. ಮೇಲೆ ಸೂರು ಎಷ್ಟು ಅಡಿ? ಹೊಸ್ತಿಲಿಗೆ ಇಳಿಜಾರು ಇದೆಯೇ?
3. ಊಟಿಯಾದರೆ ಜೋಡಿ ಗಾಜು ಮೊಹರಾದ ಎತ್ತರ ಎಷ್ಟು? ಗಾಳಿಕಿಂಡಿ ಎಲ್ಲಿ?
4. ಗೂಡಲೂರಾದರೆ ಮರ ಎಷ್ಟು ಒಣಗಿದೆ? ಆರೂ ಮುಖಕ್ಕೆ ಬಣ್ಣವಾಯಿತೇ?
5. ಮಸಿನಗುಡಿಯಾದರೆ ನೆರಳು ಏನು? ಗೆದ್ದಲಿಗೆ ಏನು?
6. ಕಾಡಂಚಾದರೆ ಪೂರ್ತಿ ಗಾಜೋ, ಅರ್ಧ ಗಾಜೋ, ಅಥವಾ ಕಿಟಕಿಯೇ ಸಾಕೋ?

ಆರನೆಯ ಪ್ರಶ್ನೆಗೆ ‘ಕಿಟಕಿಯೇ ಸಾಕು’ ಎಂಬ ಉತ್ತರ ಬಂದರೆ ಅದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಒಳ್ಳೆಯ ಗಾಜಿನ ದೊಡ್ಡ ಕಿಟಕಿಯಿಂದಲೂ ಅದೇ ಬೆಟ್ಟ ಕಾಣುತ್ತದೆ, ರಾತ್ರಿ ನಿಶ್ಚಿಂತೆಯ ನಿದ್ದೆಯೂ ಬರುತ್ತದೆ.